ಶನಿವಾರದ ಅಜ್ಜನೂ ಇಪ್ಪತ್ತೆರಡು ಹೆಬ್ಬೆಟ್ಟೂ

ಈಗ ವಿಮಾ ಕೆಲಸಕ್ಕೆ ಸೇರುವ ಹುಡುಗರು ನನ್ನ ಹತ್ತಿರ ಬಂದು, "ಸಾರ್, ನಿಮ್ಮ ಕಾಲದಲ್ಲಿ ಹೇಗಿತ್ತು?" ಎಂದು ಕೇಳುತ್ತಾರೆ. ಯಾವ ವರ್ಷ ಯಾವ ಗ್ರೇಡಿಗೆ ಏರಿದೆ ಎನ್ನುವುದನ್ನು ಕೇಳಲು ಅವರಿಗೂ ಇಷ್ಟವಿಲ್ಲ, ಹೇಳಲು ನನಗೂ ನೆನಪಿಲ್ಲ. ನೆನಪಿರುವುದು ಒಂದು ಸೈಕಲ್ಲು, ಒಂದು ಚರ್ಮದ ಚೀಲ, ಆ ಚೀಲದೊಳಗೆ ಸದಾ ಸೋರುತ್ತಿದ್ದ ಹೆಬ್ಬೆಟ್ಟಿನ ಮಸಿಯ ಡಬ್ಬಿ. ಮೂವತ್ತರ ದಶಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಸುತ್ತಮುತ್ತ ಸರ್ಕಾರಿ ವಿಮೆಗೆ ಜನರನ್ನು ಸೇರಿಸುವುದು ನನ್ನ ಕೆಲಸವಾಗಿತ್ತು. ಆ ಮಸಿ ನನ್ನ ಮೂರು ಪಂಚೆಗಳನ್ನೂ ಮದುವೆಯ ರೇಷ್ಮೆ ಅಂಗಿಯನ್ನೂ ಹಾಳು ಮಾಡಿತು. ನನ್ನ ಹೆಂಡತಿ ಇವತ್ತಿಗೂ ಆ ಅಂಗಿಯ ಮಾತು ಎತ್ತುತ್ತಾಳೆ.

ಅರ್ಜಿ ತುಂಬಬೇಕಾದರೆ ಮೊದಲು ವಯಸ್ಸು ಬೇಕು. ಅದು ಯಾರಿಗೂ ಗೊತ್ತಿರುತ್ತಿರಲಿಲ್ಲ. "ಪಿಳೇಗು ಬಂದಾಗ ನಮ್ಮವ್ವನ ಸೊಂಟದ ಮ್ಯಾಲಿದ್ದೆ ಬುದ್ದಿ" ಎಂದರೆ ಮುಗಿಯಿತು. ನಾನು ಹೊಸಬ, ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡೆ. ಆರು ತಿಂಗಳಾದ ಮೇಲೆ ಮೇಲಧಿಕಾರಿ ಅನಂತಯ್ಯನವರಿಂದ ಒಂದು ಕಾಗದ ಬಂತು. "ನಿಮ್ಮ ಸೀಮೆಯಲ್ಲಿ ಪ್ಲೇಗಿನ ವರ್ಷ ಬಿಟ್ಟು ಬೇರೆ ಯಾವ ವರ್ಷವೂ ಮಕ್ಕಳು ಹುಟ್ಟಲಿಲ್ಲವೇ?" ಎಂದು ಕೇಳಿದ್ದರು. ಆಮೇಲೆ ನಾನೇ ಒಂದು ಉಪಾಯ ಕಂಡುಕೊಂಡೆ. "ಕನ್ನಂಬಾಡಿ ಕಟ್ಟೆ ಕಟ್ಟುವಾಗ ನೀನು ಕಲ್ಲು ಹೊತ್ತೆಯೋ, ಕಲ್ಲು ಹೊರುವ ಅಪ್ಪನಿಗೆ ಬುತ್ತಿ ಹೊತ್ತೆಯೋ?" ಎಂದು ಕೇಳುತ್ತಿದ್ದೆ. ಕಲ್ಲು ಹೊತ್ತವನು ದೊಡ್ಡವನು, ಬುತ್ತಿ ಹೊತ್ತವನು ಚಿಕ್ಕವನು. ಈ ಲೆಕ್ಕಕ್ಕೆ ಅನಂತಯ್ಯನವರೂ ತಲೆದೂಗಿದರು.

ಮಾತಿನಲ್ಲಿ ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಮಳವಳ್ಳಿಯ ಕಡೆ ಪೂರಿಗಾಲಿಯಲ್ಲಿ ಒಬ್ಬ ಗೌಡರ ಜಗಲಿಯ ಮೇಲೆ ಕೂತು, "ನಾಳೆ ನೀವು ಸತ್ತರೆ ನಿಮ್ಮ ಮನೆಯವರಿಗೆ" ಎಂದು ಶುರು ಮಾಡಿದೆ. ಅವತ್ತೇ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಗೌಡರು ದಡಕ್ಕನೆ ಎದ್ದು ನಿಂತರು.

"ಯಾಕ್ಲಾ, ಸುಬದಿನ ನಮ್ಮನೆ ಒಸ್ಲು ತುಳ್ದು ನನ್ ತಿಥಿ ಮಾತಾಡ್ತೀಯಾ? ಎದ್ದೋಗ್ಲಾ!"

ಚೀಲ ಬಾಚಿಕೊಂಡು ಸೈಕಲ್ಲಿನ ಹತ್ತಿರ ಓಡಿದೆ. ಹಿಂದಿನಿಂದ ಮತ್ತೆ ಅದೇ ಗಂಟಲು ಕೇಳಿಸಿತು. "ಲೇ, ನಿಂತ್ಕಳ್ಲಾ! ಬಿಸ್ಲಾಗೆ ಬಂದಿದ್ದೀಯ, ಮಜ್ಗೆ ಕುಡ್ಕಂಡು ಓಗು." ಅವರು ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದ ಹಾಗೆಯೇ ನಾನು ಎರಡು ಲೋಟ ಮಜ್ಜಿಗೆ ಕುಡಿದೆ. ಅಷ್ಟು ರುಚಿಯಾದ ಮಜ್ಜಿಗೆಯನ್ನು ಅಷ್ಟು ಹೆದರಿಕೆಯಿಂದ ಯಾರೂ ಕುಡಿದಿರಲಿಕ್ಕಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಜನರಿಗೆ ನಮ್ಮ ಮೇಲೆ ಎಂಥ ಭಯವಿತ್ತು ಎಂಬುದು ತಿಳಿಯಲಿ ಅಂತ. ವಿಮೆ ಮಾಡಿಸಿದವನ ಮೇಲೆ ಶನಿಯ ಕಣ್ಣು ಬೀಳುತ್ತದೆ ಎಂದು ಊರೂರಲ್ಲಿ ಮಾತಿತ್ತು. ಆ ಭಯದ ಜೊತೆ ನಾನು ಸರಿಯಾಗಿ ಗುದ್ದಾಡಿದ್ದು ಮದ್ದೂರಿನಲ್ಲಿ.

ಅಲ್ಲಿ ಪುಟ್ಟಸ್ವಾಮಿ ಶೆಟ್ಟರದು ಒಂದು ಎಣ್ಣೆ ಗಿರಣಿ. ಕೆಲಸಗಾರರು ಇಪ್ಪತ್ತೆರಡು ಜನ. ಶೆಟ್ಟರು ಒಳ್ಳೆಯವರು, ಆದರೆ ಒಂದು ಮಾತು ಹೇಳಿದರೆ ಕಡೆಗೆ ಅದೇ. "ನೋಡಿ ಸ್ವಾಮಿ, ಕಂತಿನಲ್ಲಿ ಅರ್ಧ ನಾನೇ ಕಟ್ಟುತ್ತೇನೆ. ಆದರೆ ಇಪ್ಪತ್ತೆರಡು ಜನವೂ ಸೇರಬೇಕು. ಒಬ್ಬ ಬಿಟ್ಟರೂ ನಾಳೆ ಅವನಿಗೇನಾದರೂ ಆದಾಗ ಅವನ ಮನೆಯವರು ನನ್ನ ಬಾಗಿಲಲ್ಲಿ ಬಂದು ಕೂರುತ್ತಾರೆ. ಗೌರಿ ಹಬ್ಬದೊಳಗೆ ಎಲ್ಲರ ಹೆಬ್ಬೆಟ್ಟೂ ಬಿದ್ದರೆ ಸರಿ, ಇಲ್ಲದಿದ್ದರೆ ಈ ಮಾತು ಬಿಟ್ಟುಬಿಡೋಣ" ಎಂದರು. ಆಗಲೇ ಶ್ರಾವಣ ಕಾಲಿಟ್ಟಿತ್ತು. ಕಾಯಿದೆಯ ಬಲವಿಲ್ಲದ ಆ ಕಾಲದಲ್ಲಿ ಒಬ್ಬ ಧಣಿ ತಾನಾಗಿ ಹೀಗೆ ಹೇಳುವುದು ಅಪರೂಪ. ನಾನು ದಿನವೂ ಗಿರಣಿಗೆ ಹೋಗಿ ಹಿಂಡಿಯ ಮೂಟೆಯ ಮೇಲೆ ಕೂತು ಪುರಾಣ ಹೇಳಿದಂತೆ ವಿಮೆಯ ವಿಷಯ ಹೇಳಿದೆ. ಎಲ್ಲರೂ ಭಕ್ತಿಯಿಂದ ಕೇಳುತ್ತಿದ್ದರು. ಹೆಬ್ಬೆಟ್ಟು ಮಾತ್ರ ಯಾರೂ ಮುಂದೆ ಮಾಡಲಿಲ್ಲ.

ಆ ಗಿರಣಿಯ ಎಂಜಿನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ರೂಬೆನ್, ಕೊಂಕಣ ತೀರದ ಯೆಹೂದಿ. ಅವರ ಜೊತೆಯಲ್ಲಿದ್ದ ತಂದೆಯ ಹೆಸರು ಹಯೀಮ್. ಆ ಮುದುಕರು ಬೊಂಬಾಯಿ ಕಡೆಯ ಒಂದು ಪ್ರಾರ್ಥನಾ ಮಂದಿರದಲ್ಲಿ ನಲವತ್ತು ವರ್ಷ ಪ್ರಾರ್ಥನೆ ನಡೆಸಿದವರು, ತಮ್ಮ ಜನಕ್ಕೆ ಗುರುವಿದ್ದ ಹಾಗೆ. ವಯಸ್ಸಾದ ಮೇಲೆ ಮಗನ ಮನೆಗೆ ಬಂದು ಮೂರು ವರ್ಷವಾಗಿತ್ತು. ಬಿಳಿ ಗಡ್ಡ, ಕರಿ ಟೋಪಿ, ಮಂಡಿಯವರೆಗೆ ಕೋಟು. ಪ್ರತಿ ಶುಕ್ರವಾರ ಹೊತ್ತು ಮುಳುಗುವ ಮೊದಲು ಅವರ ಮನೆಯಲ್ಲಿ ಎಳ್ಳೆಣ್ಣೆಯ ದೀಪ ಹಚ್ಚುತ್ತಿದ್ದರು. ಶನಿವಾರ ಪೂರ್ತಿ ಅಜ್ಜ ಯಾವ ಕೆಲಸವನ್ನೂ ಮುಟ್ಟದೆ, ಗಾಡಿ ಹತ್ತದೆ, ಜಗಲಿಯ ಮೇಲೆ ಕೂತು ಏನೋ ಗುನುಗುತ್ತಿದ್ದರು.

ಎಳ್ಳೆಣ್ಣೆ ದೀಪ, ಶನಿವಾರದ ನೇಮ. ಮದ್ದೂರಿನ ಜನಕ್ಕೆ ಇನ್ನೇನು ಬೇಕು? ಅಜ್ಜ ಶನಿಮಹಾತ್ಮನ ಒಕ್ಕಲು ಎಂದು ಅವರೇ ತೀರ್ಮಾನ ಮಾಡಿಬಿಟ್ಟರು. ಶ್ರಾವಣ ಶನಿವಾರ ಒಪ್ಪತ್ತು ಮಾಡುವ ಹೆಂಗಸರು ಅವರ ಮನೆಯ ಮುಂದೆ ಹೋಗುವಾಗ ದೂರದಿಂದಲೇ ಕೈ ಮುಗಿಯುತ್ತಿದ್ದರು. ಜನ ಮರ್ಯಾದಸ್ಥರು ಎಂದುಕೊಂಡು ಅಜ್ಜನೂ ಕೈ ಮುಗಿಯುತ್ತಿದ್ದರು. ಊರಿಗೆಲ್ಲ ಅವರು ಶನಿವಾರದ ಅಜ್ಜ.

ಒಂದು ದಿನ ಸಾಕಾಗಿ ಅವರ ಜಗಲಿಯ ಮೇಲೆ ಕುಸಿದು ಕೂತೆ. ಏನು ಸಮಾಚಾರ ಎಂದು ಕೇಳಿದರು, ಹೇಳಿದೆ. ಅವರ ಕನ್ನಡ ಹರಕುಮುರುಕು, ನಡುನಡುವೆ ಮರಾಠಿ. ನಾನು ಸ್ವಲ್ಪ ಹೊಲಿದು ಬರೆಯುತ್ತಿದ್ದೇನೆ.

"ಗುಮಾಸ್ತ ಸಾಹೇಬ್, ನಲವತ್ತು ವರ್ಷ ನಾನು ದಾನದ ಡಬ್ಬಿ ಹಿಡ್ಕೊಂಡು ಮನೆ ಮನೆ ಹೋದೆ. ಗಂಡ ಸತ್ತವಳಿಗೆ, ಅಪ್ಪ ಸತ್ತ ಮಕ್ಕಳಿಗೆ. ಜನ ಕೊಡ್ತಾರೆ. ಆದ್ರೆ ನಾನು ತಗೊಂಡು ಹೋಗಿ ಕೊಡುವಾಗ ಆ ಹೆಂಗಸು ತಲೆ ಬಗ್ಗಿಸ್ತಾಳೆ. ನಮ್ಮ ಹಿರಿಯರು ಹೇಳ್ತಾರೆ, ಬಡವನ ಕೈಗೆ ಹಾಕೋದು ಸಣ್ಣ ದಾನ, ಅವನು ಕೈ ಚಾಚದ ಹಾಗೆ ಮಾಡೋದು ದೊಡ್ಡ ದಾನ. ಆ ದೊಡ್ಡದು ನನ್ನ ಡಬ್ಬಿಯಿಂದ ಆಗ್ಲಿಲ್ಲ. ಸರ್ಕಾರದಿಂದ ಆಗುತ್ತೆ ಅಂದ್ರೆ ಬೇಡ ಅನ್ನೋಕೆ ನಾನು ಯಾರು? ದೂರ ದೇಶದಲ್ಲಿ ನಮ್ಮ ಗುರುಗಳು ಕೂಡ ಈಗ ಇದೇ ಕೇಳ್ತಿದ್ದಾರಂತೆ, ಬೊಂಬಾಯಿಂದ ಕಾಗದ ಬಂದಿದೆ. ಮುದುಕರ ಹೊಟ್ಟೆಗೆ, ಕೆಲಸ ಇಲ್ಲದವರ ಹೊಟ್ಟೆಗೆ ಸರ್ಕಾರವೇ ದಾರಿ ಮಾಡಬೇಕು ಅಂತ. ಹೋಗು, ಹಯೀಮ್ ಅಜ್ಜ ಇದು ಒಳ್ಳೇ ಕೆಲಸ ಅಂದ ಅಂತ ಹೇಳು."

ನಾನು ಹೇಳಿದೆ. ಆದರೆ ಹೇಳಿದ ರೀತಿಗೆ ಇಂದಿಗೂ ನಾಚಿಕೆಯಾಗುತ್ತದೆ. "ಶನಿವಾರದ ಅಜ್ಜನವರೇ ಒಳ್ಳೆಯದು ಅಂದಿದ್ದಾರೆ. ಶನಿವಾರ ಅಷ್ಟು ನೇಮದಿಂದ ಇರುವವರು ಹೇಳಿದ ಮೇಲೆ ಶನಿಯ ಭಯ ಯಾಕೆ?" ಎಂದೆ. ಸುಳ್ಳೊಂದೂ ಇಲ್ಲ ನೋಡಿ. ಆದರೆ ಅವರು ಏನೆಂದುಕೊಳ್ಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಇಪ್ಪತ್ತೊಂದು ಹೆಬ್ಬೆಟ್ಟು ಬಿತ್ತು. ಖುಷಿಯಲ್ಲಿ ಸ್ಟೇಷನ್ನಿಗೆ ಹೋಗಿ ನಾಲ್ಕು ವಡೆ ತಿಂದೆ.

ಉಳಿದವನು ಒಬ್ಬನೇ, ಹನಕೆರೆಯ ಜವರ. ಇಪ್ಪತ್ತರ ಹರೆಯ, ಮದುವೆಯಾಗಿಲ್ಲ. ಅವನ ನಂತರ ಹಣ ಸೇರಬೇಕಾದವರು ಯಾರು ಎಂಬ ಜಾಗದಲ್ಲಿ ತಾಯಿಯ ಹೆಸರು ಬರೆಯಬೇಕಿತ್ತು. "ನಮ್ಮವ್ವನ್ನ ಒಂದ್ ಮಾತು ಕೇಳ್ತೀನಿ ಬುದ್ದಿ" ಎಂದು ಹೋದ. ಅವನ ತಾಯಿ ಸಿದ್ದಮ್ಮ ಪ್ರತಿ ಶುಕ್ರವಾರ ಕೋಳಿ ಬುಟ್ಟಿ ಹೊತ್ತು ರೈಲಿನಲ್ಲಿ ಮದ್ದೂರಿಗೆ ಬರುವವಳು. ಆ ಶುಕ್ರವಾರ ಬುಟ್ಟಿಯ ಸಮೇತ ನೇರವಾಗಿ ನನ್ನ ಮುಂದೆ ಬಂದು ನಿಂತಳು.

"ನೀವೇನಾ ಬುದ್ದಿ ಆ ಕಾಗ್ದದೋರು? ನನ್ ಮಗ ಸತ್ರೆ ನಂಗೆ ದುಡ್ಡು ಅಂತ ಬರಿತೀರಂತೆ. ಅವ್ನು ಸತ್ ಮ್ಯಾಲೆ ಆ ದುಡ್ಡು ಇಸ್ಕಂಡು ನಾನು ಏನ್ ಮಾಡ್ಲಿ? ಸೀರೆ ತಕ್ಕಳ್ಲಾ? ಯಾವ ತಾಯಿ ಇದುಕ್ಕೆ ಊ ಅಂತಾಳೆ ಯೋಳಿ!"

ಬುಟ್ಟಿಯೊಳಗಿನ ಕೋಳಿಗಳೂ ಅವಳ ಪರವಾಗಿ ಕೂಗುತ್ತಿದ್ದವು. ಅಜ್ಜನ ಹೆಸರು ಹೇಳಿ ನೋಡಿದೆ. ಅವಳು ಮುಖ ಒಂದು ಥರ ಮಾಡಿ ನಕ್ಕು ಹೊರಟುಹೋದಳು. ಆ ನಗೆ ಆಗ ನನಗೆ ಅರ್ಥವಾಗಲಿಲ್ಲ.

ಹಬ್ಬಕ್ಕೆ ಎರಡು ದಿನ ಉಳಿದಿತ್ತು. ಬೆಳಿಗ್ಗೆ ಗಿರಣಿಯ ಬಾಗಿಲಲ್ಲೇ ಅಜ್ಜ ನನ್ನನ್ನು ತಡೆದರು. ಗಡ್ಡ ನಡುಗುತ್ತಿತ್ತು.

"ಗುಮಾಸ್ತ ಸಾಹೇಬ್, ನನ್ನನ್ನ ಯಾವ ದೇವರ ಪೂಜಾರಿ ಮಾಡಿದೆ ನೀನು? ಒಬ್ಬ ಹುಡುಗ ಬಂದು ನನ್ನ ಕಾಲು ಮುಟ್ಟಿ, ಶನಿ ಬಿಡಿಸಿ ಅಂತ ಕೇಳ್ತಾನೆ!"

ನಾನು ತೊದಲಿದೆ. "ನಾನು ಹಾಗೆ ಹೇಳಲಿಲ್ಲ ಅಜ್ಜ, ಅವರಾಗಿ ತಿಳಿದುಕೊಂಡರು. ಒಳ್ಳೇ ಕೆಲಸಕ್ಕೆ ತಾನೇ..."

"ಒಳ್ಳೇ ಕೆಲಸಕ್ಕೆ ನನ್ನ ಹೆಸರು ಬೇಕಾದ್ರೆ ತಗೋ, ಇನ್ನೊಬ್ಬರ ದೇವರ ಹೆಸರು ಬೇಡ. ನಾಳೆ ಅವರಿಗೆ ಗೊತ್ತಾದ್ರೆ ನಿನ್ನ ಕಾಗದ ಮೋಸ ಅಂತಾರೆ, ಸರ್ಕಾರ ಮೋಸ ಅಂತಾರೆ. ಕರಿ ಎಲ್ಲರನ್ನೂ. ನಿನ್ನ ಬಾಯಿಂದಲೇ ಹೇಳು."

"ಎಲ್ಲ ಹೆಬ್ಬೆಟ್ಟೂ ಹೋಗುತ್ತೆ ಅಜ್ಜ!"

"ಹೋಗ್ಲಿ."

ಶೆಟ್ಟರು ಎಂಜಿನ್ನು ನಿಲ್ಲಿಸಲು ಹೇಳಿದರು. ಇಪ್ಪತ್ತೆರಡು ಜನ ಹಿಂಡಿಯ ಮೂಟೆಗಳ ಮೇಲೆ ಕೂತರು. ಜವರನ ಜೊತೆ ಸಿದ್ದಮ್ಮನೂ ಬಂದು ಕಂಬಕ್ಕೆ ಒರಗಿ ನಿಂತಿದ್ದಳು. ಮಗ ತನಗೆ ಹೇಳದೆ ಎಲ್ಲಿ ಒತ್ತಿಬಿಡುತ್ತಾನೋ ಎಂದು ಕಾವಲು ಕಾಯಲು ಬಂದವಳು ಅವಳು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ. ಅಜ್ಜ ಶನಿಮಹಾತ್ಮನ ಒಕ್ಕಲಲ್ಲ. ಅವರ ಧರ್ಮವೇ ಬೇರೆ. ಆ ಧರ್ಮದಲ್ಲಿ ಶನಿವಾರ ದೇವರು ಕೊಟ್ಟ ಬಿಡುವಿನ ದಿನ. ನೀವು ತಪ್ಪು ತಿಳಿದುಕೊಂಡಿರಿ, ನನಗೆ ಗೊತ್ತಿದ್ದೂ ಸುಮ್ಮನಿದ್ದೆ. ತಪ್ಪಾಯಿತು.

ಗಾಣದ ಚನ್ನ ಎದ್ದು ನಿಂತ.

"ಅಂಗಾದ್ರೆ ನನ್ ಎಬ್ಬೆಟ್ಟು ವಾಪಸ್ ಕೊಟ್ಬುಡಿ ಬುದ್ದಿ."

ಇನ್ನೂ ಆರು ಜನ ಎದ್ದರು. ನಾನು ಕಾಗದದ ಕಟ್ಟು ತೆಗೆದು ಅವರ ಅರ್ಜಿಗಳನ್ನು ಹುಡುಕತೊಡಗಿದೆ. ಅಷ್ಟರಲ್ಲಿ ಕಂಬದ ಹತ್ತಿರದಿಂದ ನಗು ಕೇಳಿಸಿತು.

"ಥೂ, ಮುಂಡೇವಾ! ಇಷ್ಟು ದಿನ ನಿಜಕ್ಕೂ ಅಂಗೇ ಅನ್ಕಂಡಿದ್ರಾ? ವಾರವಾರ ಆ ಮನೆಗೆ ಕೋಳಿ ಕೊಡೋಳು ನಾನು ಕಣ್ರಲಾ! ಸುಕ್ರವಾರ ಕೋಳಿ ಕುಯ್ದು ಸನಿವಾರ ಸಾರು ಉಣ್ಣೋನು ಎಲ್ಲಾರ ಸನಿಮಾತ್ಮನ ಒಕ್ಲಾಗ್ತಾನಾ?"

ಮೊದಲು ನಕ್ಕವರು ಶೆಟ್ಟರು. ಆಮೇಲೆ ರೂಬೆನ್ ಮೇಸ್ತ್ರಿ, ಆಮೇಲೆ ಗಿರಣಿಗೆ ಗಿರಣಿಯೇ ನಕ್ಕಿತು. ಮಗ ಮರಾಠಿಯಲ್ಲಿ ವಿವರಿಸಿದ ಮೇಲೆ ಅಜ್ಜ ಗಡ್ಡ ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕರು. ನಗು ನಿಂತ ಮೇಲೆ ಸಿದ್ದಮ್ಮನ ಕಡೆ ತಿರುಗಿದರು.

"ಅವ್ವಾ, ನೀನು ಎಲ್ಲ ತಿಳಿದವಳು. ನನ್ನದು ಒಂದು ಮಾತು ಕೇಳು. ನಮ್ಮ ಧರ್ಮದಲ್ಲಿ ದೇವರು ರೈತನಿಗೆ ಒಂದು ಅಪ್ಪಣೆ ಮಾಡಿದ್ದಾನೆ. ಹೊಲ ಕೊಯ್ಯುವಾಗ ಮೂಲೆ ಕೊಯ್ಯಬೇಡ. ಬಿದ್ದ ತೆನೆ ಎತ್ತಬೇಡ. ಅದು ಗಂಡ ಇಲ್ಲದವಳಿಗೆ, ಅಪ್ಪ ಇಲ್ಲದವನಿಗೆ. ದಾನ ಅಲ್ಲ, ಅವರ ಪಾಲು. ಈ ಹುಡುಗರಿಗೆ ಹೊಲ ಇಲ್ಲ. ಸಂಬಳ ಇದೆ. ಅದರ ಮೂಲೆ ಕೊಯ್ಯದೆ ಬಿಡಿ ಅಂತ ಸರ್ಕಾರ ಕೇಳ್ತಿದೆ, ಅಷ್ಟೆ."

ಸಿದ್ದಮ್ಮ ಕಂಬ ಬಿಟ್ಟು ಬಂದು ನೆಲದ ಮೇಲೆ ಕೂತಳು. ಕೊಯ್ಲಾದ ಮೇಲೆ ಗದ್ದೆಯಲ್ಲಿ ಉಳಿದ ತೆನೆ ಆಯುವುದಕ್ಕೆ ನಮ್ಮಲ್ಲಿ ಹಕ್ಕಲು ಎನ್ನುತ್ತಾರೆ. ಅವಳು ಅದರ ಮಾತೇ ತೆಗೆದಳು.

"ನಮ್ ಯಜಮಾನ ಓದಾಗ ಈ ಜವರ ಮೊಲೆ ಕುಡಿತಿದ್ದ ಕಣಜ್ಜ. ಕೆರೆ ಕೆಳ್ಗಳ ಗದ್ದೇಲಿ ಅಕ್ಕಲು ಆಯ್ಕಂಡು ಇವ್ನ ಸಾಕ್ದೆ. ಗದ್ದೆ ಯಜಮಾನ ಬದೀನ ಮ್ಯಾಲೆ ಕುಂತು ನೋಡೋನು. ನಾನು ಒಂದೊಂದ್ ಕಿತ ಬಗ್ಗಿದಾಗ್ಲೂ 'ಏನ್ ಸಿದ್ದಿ, ಸಿಕ್ತಾ?' ಅನ್ನೋನು. ಬಗ್ಗಿ ತೆನೆ ಎತ್ಕಳದು ಕಷ್ಟ ಅಲ್ಲ ಕಣಜ್ಜ. ಅವ್ನು ನೋಡ್ತಾ ಕುಂತಿರ್ತಿದ್ನಲ್ಲ, ಅದು."

ಅಜ್ಜ ತಲೆ ಅಲ್ಲಾಡಿಸಿದರು. ನಲವತ್ತು ವರ್ಷ ಡಬ್ಬಿ ಹಿಡಿದವರಿಗೆ ಅದು ಗೊತ್ತಿತ್ತು. ಸಿದ್ದಮ್ಮ ನನ್ನ ಕಡೆ ತಿರುಗಿ ಕೇಳಿದಳು.

"ಬುದ್ದಿ, ನಾಳೆ ಇವ್ನಿಗೆ ಮದ್ವೆ ಆಯ್ತದೆ. ಆಗ ನನ್ ಎಸ್ರು ತೆಗ್ದು ಅವ್ನೆಡ್ತಿ ಎಸ್ರು ಬರಿಬೋದಾ?"

"ಬರೆಯಬಹುದಮ್ಮ."

"ಆ ಕಾಗ್ದ ಇದ್ರೆ ನನ್ ಸೊಸೆ ಯಾರ್ ಗದ್ದೇಲೂ ಬಗ್ಬೇಕಾಗಿಲ್ವಾ?"

"ಬೇಕಾಗಿಲ್ಲ."

"ಸರ್ಕಾರದೋರು ಬದೀನ ಮ್ಯಾಲೆ ಕುಂತು ನೋಡಲ್ವಾ?"

"ಇಲ್ಲಮ್ಮ, ಯಾರೂ ನೋಡಲ್ಲ. ಅವಳದು ಅವಳಿಗೆ ಬರುತ್ತೆ, ಅಷ್ಟೆ."

ಅವಳು ಎದ್ದು ಸೀರೆ ಕೊಡವಿಕೊಂಡಳು. "ಅಂಗಾದ್ರೆ ಒತ್ಲಾ ಜವರಾ. ಯೋ ಚನ್ನ, ನಿಂಗೂ ಎಡ್ತಿ ಅವ್ಳೆ ಕಣ್ಲಾ, ಕುಂತ್ಕಳ್ಲಾ ಸುಮ್ನೆ!"

ಚನ್ನ ಕೂತ. ಆದರೆ ಹಳೆಯ ಹೆಬ್ಬೆಟ್ಟು ಬೇಡ, ಈಗ ನಿಜ ತಿಳಿದ ಮೇಲೆ ಎಲ್ಲರೂ ಹೊಸದಾಗಿ ಒತ್ತಲಿ ಎಂದು ಅಜ್ಜ ಹಟ ಹಿಡಿದರು. ಇಪ್ಪತ್ತೆರಡು ಅರ್ಜಿಗಳನ್ನು ನಾನು ಮತ್ತೆ ತುಂಬಿದೆ. ಸಂಜೆಯವರೆಗೂ ಸೊಂಟ ಎತ್ತಲಿಲ್ಲ. ರೂಬೆನ್ ಮೇಸ್ತ್ರಿಯ ಮನೆಯಿಂದ ಅವಲಕ್ಕಿ, ಬೆಲ್ಲ, ತೆಂಗಿನತುರಿ ಕಲಸಿದ ಮಲೀದಾ ಬಂತು. ಅವರಲ್ಲಿ ಶುಭ ನಡೆದಾಗ ಅದನ್ನು ಹಂಚುತ್ತಾರಂತೆ. ಗಿರಣಿಯ ಜನ ಅದನ್ನು ಕಣ್ಣಿಗೊತ್ತಿಕೊಂಡು ತಿಂದರು. ಇದು ಪ್ರಸಾದವೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ, ನಾನೂ ಈ ಸಲ ಏನೂ ಹೇಳಲಿಲ್ಲ. ಕಾಗದ ಕಟ್ಟುವ ಭರದಲ್ಲಿ ಮಸಿ ಡಬ್ಬಿ ಮಗುಚಿ ನನ್ನ ಮೂರನೇ ಪಂಚೆ ಹಾಳಾದದ್ದು ಅವತ್ತೇ.

ಅನಂತಯ್ಯನವರಿಗೆ ನಡೆದದ್ದನ್ನು ಮುಚ್ಚಿಡದೆ ಬರೆದೆ. ಬೈಗುಳ ಬರುತ್ತದೆ ಎಂದು ಕಾದೆ. ಒಂದೇ ಸಾಲು ಬಂತು. "ಇನ್ನು ಮುಂದೆ 'ಸತ್ತರೆ' ಎಂದು ಶುರು ಮಾಡಬೇಡಿ, 'ನಿಮ್ಮ ಮನೆಯವರು ಯಾರ ಮುಂದೆಯೂ ಬಗ್ಗಬಾರದಲ್ಲ' ಎಂದು ಶುರು ಮಾಡಿ." ಅಲ್ಲಿಂದ ಮುಂದೆ ಮೂವತ್ತು ವರ್ಷ ನಾನು ಅದೇ ಮಾತಿನಿಂದ ಶುರು ಮಾಡಿದೆ. ಮಳವಳ್ಳಿ ಕಡೆ ಹೋದಾಗ ಪೂರಿಗಾಲಿಯ ಗೌಡರ ಮನೆಗೂ ಹೋಗಿ ಹೇಳಿದೆ. ಈ ಸಲ ಊಟವನ್ನೇ ಹಾಕಿದರು, ಎರಡು ಅರ್ಜಿಗೆ ರುಜುವನ್ನೂ ಹಾಕಿದರು.

ಜವರ ಏನಾದ ಎಂದು ನೀವು ಕೇಳುತ್ತೀರಿ. ಏನೂ ಆಗಲಿಲ್ಲ! ಮದುವೆಯಾದ, ಐದು ಮಕ್ಕಳಾದವು, ವಿಮೆಯ ಅವಧಿ ಮುಗಿದಾಗ ತಾನೇ ಬಂದು ತನ್ನ ಕೈಯಾರೆ ಹಣ ತೆಗೆದುಕೊಂಡು ಹೋದ. ನಾನು ಸೇರಿಸಿದವರಲ್ಲಿ ಬಹಳ ಜನ ಹೀಗೆ ಬದುಕಿ ಬಾಳಿದರು. ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಸಂತೋಷ ಅದೇ.

ಆದರೆ ನಾನು ಹೇಳಬೇಕೆಂದಿದ್ದದ್ದು ಆ ವರ್ಷದ ಸುಗ್ಗಿಯ ಮಾತು. ಕನ್ನಂಬಾಡಿಯ ಹೊಸ ನಾಲೆಯ ನೀರು ಬಂದ ಮೇಲೆ ಸಿದ್ದಮ್ಮ ಒಂದಿಷ್ಟು ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಮಾಡಿದ್ದಳು. ಸಂಕ್ರಾಂತಿಗೆ ಮುಂಚೆ ಜವರನ ಕೈಯಲ್ಲಿ ಹೇಳಿಕಳಿಸಿದಳು. "ಅಜ್ಜನ್ನ ಕರ್ಕಂಡು ಬರ್ಬೇಕಂತೆ ಬುದ್ದಿ. ಸನಿವಾರ ಬ್ಯಾಡ್ವಂತೆ, ಅವ್ರು ಗಾಡಿ ಅತ್ತಲ್ಲ ಅಂತ ಅವ್ವಂಗೆ ಗೊತ್ತು."

ಸೋಮವಾರ ಬೆಳಗಿನ ಪ್ಯಾಸೆಂಜರಿನಲ್ಲಿ ಹನಕೆರೆಗೆ ಹೋಗಿ ಇಳಿದೆವು. ಗದ್ದೆ ರೈಲು ದಾರಿಯ ಪಕ್ಕದಲ್ಲೇ. ಕೊಯ್ಲು ಮುಗಿದಿತ್ತು, ಹುಲ್ಲುಕೂಳೆ ಬಿಸಿಲಿಗೆ ಹೊಳೆಯುತ್ತಿತ್ತು. ಸಿದ್ದಮ್ಮ ಅಜ್ಜನ ಕೈ ಹಿಡಿದು ಬದುವಿನ ಮೇಲೆ ನಡೆಸಿಕೊಂಡು ಹೋದಳು. ಗದ್ದೆಯ ಮೂಡಣ ಮೂಲೆಯಲ್ಲಿ, ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ, ಭತ್ತ ಕೊಯ್ಯದೆ ನಿಂತಿತ್ತು. ತೆನೆ ತುಂಬಿ ಬಾಗಿತ್ತು.

ಅಜ್ಜ ಜೋಡು ಕಳಚಿಟ್ಟು ಮಣ್ಣಿಗೆ ಇಳಿದರು. ಒಂದು ತೆನೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ನಲವತ್ತು ವರ್ಷ ಇದನ್ನ ಓದಿದೆ ಗುಮಾಸ್ತ ಸಾಹೇಬ್. ಪಟ್ಟಣದಲ್ಲಿ ಹುಟ್ಟಿದವನು, ಹೊಲ ಎಲ್ಲಿ ನನಗೆ? ಕಣ್ಣಲ್ಲಿ ನೋಡಿರಲಿಲ್ಲ."

ಅವರು ನಗುತ್ತಲೂ ಇದ್ದರು, ಅಳುತ್ತಲೂ ಇದ್ದರು.

ಅಷ್ಟರಲ್ಲಿ ಆಚೆ ಬದುವಿನ ಮೇಲೆ ಒಬ್ಬಳು ಹೆಂಗಸು ಕಾಣಿಸಿದಳು. ಸೊಂಟದಲ್ಲಿ ಮಗು, ಕೈಯಲ್ಲಿ ಕುಡುಗೋಲು. ನಮ್ಮನ್ನು ಕಂಡು ನಿಂತುಬಿಟ್ಟಳು. ಸಿದ್ದಮ್ಮ ಗಡಬಡಿಸಿ ಅಜ್ಜನನ್ನು ಮೇಲಕ್ಕೆ ಎಳೆದುಕೊಂಡಳು. ನನ್ನ ತೋಳನ್ನೂ ಹಿಡಿದು ತಿರುಗಿಸಿದಳು.

"ಈ ಕಡೀಕ್ ತಿರಿಕ್ಕಳಿ, ಈ ಕಡೀಕೆ! ನೋಡ್ಬ್ಯಾಡಿ. ಅವ್ಳು ಕುಯ್ಕಬೇಕು."

ಮೂವರೂ ಗದ್ದೆಗೆ ಬೆನ್ನು ಮಾಡಿ ಸಾಲಾಗಿ ನಿಂತು ಖಾಲಿ ರೈಲು ಕಂಬಿಯನ್ನೇ ನೋಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ನಮ್ಮ ಹಿಂದೆ ಕುಡುಗೋಲಿನ ಸದ್ದು ಕೇಳಿಸತೊಡಗಿತು.